ಕೈ ನಿಂತ ಜಾಗ

ಹೋದ ತಿಂಗಳು ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಪಕ್ಕಕ್ಕೆ ಒಬ್ಬ ಬಂದು ಕುಳಿತ. ನಲವತ್ತರ ಆಚೀಚಿನವನು. ಅವನ ಮೈಯಿಂದ ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಅಂಗಿಯ ಮೇಲೆ, ಹೊಟ್ಟೆಯ ನೇರಕ್ಕೆ, ಎಣ್ಣೆ ಇಳಿದು ಅಂಗೈಯಗಲದ ಕಲೆಯಾಗಿತ್ತು. ಯಾರೋ ಅವನ ಹೊಟ್ಟೆ ನೀವಿ ಕಳಿಸಿದ್ದಾರೆಂದು ಕೇಳದೆಯೇ ತಿಳಿಯಿತು. ನನ್ನ ಬಲಗೈಯ ಹೆಬ್ಬೆರಳು ತಾನಾಗಿಯೇ ಮಡಚಿಕೊಂಡಿತು. ಇಪ್ಪತ್ತು ವರ್ಷದ ಮೇಲಾಯಿತು ಈ ಬೆರಳು ಯಾರ ಹೊಟ್ಟೆಯನ್ನೂ ಮುಟ್ಟಿಲ್ಲ. ಆದರೂ ವಾಸನೆ ಮೂಗಿಗೆ ಬಡಿದ ಕೂಡಲೇ ಅದಕ್ಕೆ ಎಲ್ಲ ನೆನಪಾಯಿತು.

"ಎಷ್ಟು ದಿನದಿಂದ ನೋವಪ್ಪ?" ಅಂದೆ.

"ಏ, ಗ್ಯಾಸು ಕಣಜ್ಜ. ಒಕ್ಳು ಜಾರಿತ್ತಂತೆ, ಕೂರ್ಸವ್ರೆ ಬುಡು" ಎಂದು ನಕ್ಕ.

ಊಟ ಸೇರುತ್ತದೆಯೇ, ಮೈ ಇಳಿದಿದೆಯೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕುಶಾಲನಗರದ ಬಸ್ಸು ಬಂತು, ಅವನು ಓಡಿಹೋಗಿ ಹತ್ತಿಕೊಂಡ. ನಾನು ಎದ್ದು ನಿಂತೆ. ಮತ್ತೆ ಕೂತೆ. ಮತ್ತೆ ಎದ್ದೆ... ರಾವಂದೂರಿನ ಬಸ್ಸು ಬಂದು ನಿಂತಿತು. ನಾನು ಮನೆಗೆ ಹೋಗಬೇಕಾದ್ದು ಅದರಲ್ಲಿ. ಅದು ಹೊರಟೂ ಹೋಯಿತು. ಆಮೇಲೆ ಹುಣಸೂರಿನ ಬಸ್ಸು ಬಂದಾಗ ಯಾಕೆಂದು ನನಗೇ ಸರಿಯಾಗಿ ಹೇಳಿಕೊಳ್ಳದೆ ಅದನ್ನು ಹತ್ತಿದೆ. ಹುಣಸೂರಿನಲ್ಲಿ ಒಬ್ಬರಿಗೆ ನಾನು ಒಂದು ಮಾತು ಹೇಳುವುದಿತ್ತು. ಇಪ್ಪತ್ತು ವರ್ಷದಿಂದ ಇತ್ತು. ಅದು ಮೇಷ್ಟ್ರ ವಿಷಯ.

ಮೇಷ್ಟ್ರು ಅಂದರೆ ನಮಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವರಿಗೆ ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ಉದ್ದಕ್ಕೆ ಸೆಟೆದ ಆಳು. ಬೋರ್ಡಿನ ಮೇಲೆ ಮನುಷ್ಯನ ಹೊಟ್ಟೆಯ ಚಿತ್ರ ಬರೆದರೆ ಮೂರು ಬಣ್ಣದ ಸೀಮೆಸುಣ್ಣ ಸವೆಯುತ್ತಿತ್ತು. ತಿಂದ ತುತ್ತು ಒಳಗೆ ಹೇಗೆ ಸಾಗುತ್ತದೆ ಎಂದು ತೋರಿಸಲು ತಮ್ಮ ತೋಳನ್ನೇ ಎರೆಹುಳದ ಹಾಗೆ ಆಡಿಸಿ, "ಅಲೆ ಅಲೆಯಾಗಿ ತಳ್ಳುತ್ತೆ ಕಣ್ರೋ, ನಿಮಗೆ ಗೊತ್ತೇ ಆಗಲ್ಲ" ಅನ್ನುತ್ತಿದ್ದರು. ಅವರ ಪಾಠ ಎಂದರೆ ನನಗೂ ಇಷ್ಟವಿತ್ತು, ಆ ಒಂದು ದಿನದವರೆಗೆ.

ನಮ್ಮಪ್ಪ ಹೊಕ್ಕುಳು ಕೂರಿಸುವವನು. ನಮ್ಮ ಕಡೆ ಭಾರ ಎತ್ತಿಯೋ ಹಳ್ಳ ಹಾರಿಯೋ ಹೊಟ್ಟೆನೋವು ಬಂದರೆ ಹೊಕ್ಕುಳು ಜಾರಿದೆ ಅನ್ನುತ್ತಾರೆ. ಹೊಕ್ಕುಳಿನ ಅಡಿಯಲ್ಲಿ ಒಂದು ಮಿಡಿತ ಇರುತ್ತದೆ, ಅದು ನಡುವಿನಿಂದ ಪಕ್ಕಕ್ಕೆ ಸರಿದರೆ ತಿಂದದ್ದು ಒಗ್ಗುವುದಿಲ್ಲ ಎಂಬ ನಂಬಿಕೆ. ನಮ್ಮಪ್ಪ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರನ್ನು ಜಗಲಿಯ ಮೇಲೆ ಮಲಗಿಸಿ, ಹೊಕ್ಕುಳಿನಿಂದ ಎರಡೂ ಮೊಲೆತೊಟ್ಟಿಗೆ ನೂಲು ಹಿಡಿದು ಅಳೆಯುತ್ತಿದ್ದ. ಅಳತೆ ಹೆಚ್ಚುಕಮ್ಮಿ ಬಂದರೆ ಜಾರಿದೆ ಎಂದು ಲೆಕ್ಕ. ಎಣ್ಣೆ ಹಚ್ಚಿ ನೀವಿ, ಹೊಟ್ಟೆಯ ಮೇಲೆ ಹಿಟ್ಟಿನ ಉಂಡೆಯಲ್ಲಿ ಬತ್ತಿ ಹಚ್ಚಿಟ್ಟು, ಅದರ ಮೇಲೆ ತಾಮ್ರದ ಚೊಂಬು ಕವುಚಿದರೆ ಅದು ಚರ್ಮವನ್ನು ಹೀರಿ ಹಿಡಿಯುತ್ತಿತ್ತು. ಯಾರ ಹತ್ತಿರವೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅದು ಮನೆತನದ ಕೆಲಸ.

ಒಂದು ದಿನ ಪಾಠದ ನಡುವೆ ಯಾರೋ ಹುಡುಗ, "ಸಾ, ಒಕ್ಳು ಜಾರದು ಎಲ್ಲಿಗೆ ಸಾ?" ಎಂದು ಕೇಳಿಬಿಟ್ಟ. ಕ್ಲಾಸೆಲ್ಲ ನನ್ನ ಕಡೆ ತಿರುಗಿತು. ಮೇಷ್ಟ್ರಿಗೆ ವಿಷಯ ಗೊತ್ತಿತ್ತೋ ಇಲ್ಲವೋ, "ಜಾರೋದಕ್ಕೆ ಅದೇನು ಗುಂಡಿ ಕಿತ್ತ ಚಡ್ಡಿಯೇನೋ?" ಅಂದರು. ನನ್ನ ಚಡ್ಡಿಗೆ ಅವತ್ತು ಗುಂಡಿ ಇರಲಿಲ್ಲ, ಪಿನ್ನು ಹಾಕಿತ್ತು. ನಗು ನಿಲ್ಲುವುದಕ್ಕೆ ಬಹಳ ಹೊತ್ತಾಯಿತು. ಅವತ್ತಿನಿಂದ ನನಗೆ ಒಕ್ಳು ಎಂದೇ ಹೆಸರು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ ಊರು ಸೇರಿದರೂ, ಮದುವೆಯಾಗಿ ಹೊಗೆಸೊಪ್ಪಿನ ಹೊಲ ನೋಡಿಕೊಳ್ಳುವ ಯಜಮಾನನಾದರೂ, ನನ್ನ ಜೊತೆ ಓದಿದವರು ಸಂತೆಯಲ್ಲಿ ಸಿಕ್ಕರೆ, "ಏನ್ಲಾ ಒಕ್ಳು, ಚಂದಾಗಿದ್ದೀಯಾ?" ಎನ್ನುತ್ತಿದ್ದರು. ನಗುತ್ತಿದ್ದೆ. ಒಳಗೆ ಮೇಷ್ಟ್ರ ಮೇಲೆ ಒಂದು ಮುಳ್ಳು ಹಾಗೇ ಇತ್ತು.

ನಮ್ಮಪ್ಪ ನನಗೆ ಕೆಲಸ ಕಲಿಸಿದಾಗ ಮೊದಲು ಹೇಳಿದ್ದು ಕೂರಿಸುವ ಮಾತಲ್ಲ. "ಮಿಡಿತ ಹುಡುಕು. ಹುಡುಕೋವಾಗ ಕೈಗೆ ಗಟ್ಟಿಯಾದ್ದು ಸಿಕ್ತದಾ, ನೀವಿದ್ರೆ ಕರಗಲ್ವಾ, ಕೈ ಎತ್ಬುಡು. ಆಸ್ಪತ್ರೆಗೆ ಓಗಿ ಅನ್ನು. ನಮ್ದು ಜಾರಿದ್ದ ಕೂರ್ಸೋ ಕೆಲ್ಸ ಕಣ್ಲಾ, ಬೆಳೆದಿದ್ದನ್ನಲ್ಲ." ಅವನು ಹಾಗೆ ಕೈ ಎತ್ತಿದ್ದನ್ನು ನಾನು ಎರಡು ಸಲ ಕಣ್ಣಾರೆ ನೋಡಿದ್ದೆ. ಎಚ್.ಡಿ. ಕೋಟೆ ಕಡೆಯಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದ ಒಬ್ಬ ಹೆಂಗಸು, ಮುಟ್ಟಿ ಅರೆಗಳಿಗೆಯಲ್ಲಿ ಎಬ್ಬಿಸಿ ಕಳಿಸಿದ್ದಕ್ಕೆ ನಮ್ಮಪ್ಪನನ್ನು ಬೈದುಕೊಂಡೇ ಹೋಗಿದ್ದಳು. ಅವನು ಬೈಸಿಕೊಂಡು ಸುಮ್ಮನಿದ್ದ.

ಮೇಷ್ಟ್ರು ನಮ್ಮ ಜಗಲಿಗೆ ಬಂದದ್ದು ಅವರು ರಿಟೈರಾಗಿ ಐದಾರು ವರ್ಷವಾದ ಮೇಲೆ. ನನಗಾಗ ಐವತ್ತು ದಾಟಿತ್ತು, ಅಪ್ಪ ಹೋದ ಮೇಲೆ ಜಗಲಿಯ ಕೆಲಸ ನನ್ನ ಕೈಗೆ ಬಂದಿತ್ತು. ದೀಪಾವಳಿ ಕಳೆದ ವಾರ, ಭಾನುವಾರ ಬೆಳಿಗ್ಗೆ. ಮೂರು ನಾಲ್ಕು ಜನ ಕಾಯುತ್ತಿದ್ದರು. ಮೇಷ್ಟ್ರು ಬಿಳಿ ಪಂಚೆಯ ತುದಿ ಹಿಡಿದುಕೊಂಡು, ಒಳಗೆ ಬರಲೋ ಬೇಡವೋ ಎಂಬಂತೆ ಮೆಟ್ಟಿಲ ಹತ್ತಿರ ನಿಂತಿದ್ದರು. ಸೊಂಟ ನೀವಿಸಿಕೊಳ್ಳಲು ಬಂದು ಕೂತಿದ್ದ ಊರಿನ ಅಜ್ಜಿಯೊಬ್ಬಳು, "ಅಯ್ಯೋ ಮೇಷ್ಟ್ರೇ, ನಿಮ್ಗೂ ಒಕ್ಳು ಅನ್ನೋದು ಅದಾ!" ಎಂದಳು.

"ಇದೆ ಕಣಮ್ಮ. ಜಾರಿದೆಯೋ ಇಲ್ವೋ ನಿಮ್ಮೂರ ಡಾಕ್ಟ್ರು ಹೇಳಲಿ ಅಂತ ಬಂದೆ" ಎಂದು ಅವರೂ ನಕ್ಕರು. ಅವರಿಗೆ ಚಡ್ಡಿಯ ಮಾತು ನೆನಪಿತ್ತೆಂದು ನನಗೆ ಆ ನಗುವಿನಲ್ಲಿ ಗೊತ್ತಾಯಿತು.

ಆರು ತಿಂಗಳಿಂದ ಹೊಟ್ಟೆ ಸರಿಯಿಲ್ಲವಂತೆ. ಮುದ್ದೆ ಅರ್ಧಕ್ಕೇ ಸಾಕಾಗುತ್ತದೆ, ಬಾಡಿನ ವಾಸನೆ ಕಂಡರೆ ಆಗದು, ತೇಗು ಹುಳಿ. ಹುಣಸೂರಿನ ಡಾಕ್ಟರು ಮಾತ್ರೆ ಕೊಟ್ಟು ನೋಡಿ, ಮೈಸೂರಿಗೆ ಹೋಗಿ ಬಾಯಿಂದ ಪೈಪು ಬಿಡಿಸಿ ನೋಡಿಸಿಕೊಳ್ಳಲೇಬೇಕು ಎಂದು ಚೀಟಿ ಬರೆದಿದ್ದರು. ಚೀಟಿ ಅವರ ಜೇಬಿನಲ್ಲೇ ಇತ್ತು.

"ಆ ಪೈಪು ನೆನೆಸಿಕೊಂಡ್ರೆ ಗಂಟಲು ಕಟ್ಟುತ್ತೆ ಕಣಯ್ಯ. ಮಕ್ಕಳಿಗೆ ಚಿತ್ರ ಬರೆದು ಧೈರ್ಯ ಹೇಳ್ದೋನಿಗೆ ಈಗ ಭಯ. ನೀನು ನೋಡು. ಪೈಪು ಬೇಕಾ ಬೇಡ್ವಾ, ನೀನೇ ಹೇಳು."

ಮಲಗಿಸಿದೆ. ಮೊದಲೇ ತೆಳ್ಳಗಿನವರು, ಇನ್ನೂ ಇಳಿದಿದ್ದರು. ಉಡದಾರ ಸೊಂಟದಿಂದ ಕೆಳಗೆ ಬಂದು ಮೂಳೆಗೆ ಸಿಕ್ಕಿಕೊಂಡಿತ್ತು. ಎಣ್ಣೆ ಹಚ್ಚಿ ಹೊಕ್ಕುಳಿನಿಂದ ಮೇಲಕ್ಕೆ ಕೈ ತಂದೆ. ಎದೆಗುಳಿಯಿಂದ ನಾಲ್ಕು ಬೆರಳು ಕೆಳಗೆ, ನಡುವಿನಿಂದ ತುಸು ಬಲಕ್ಕೆ, ನನ್ನ ಕೈ ನಿಂತಿತು.

ಎಳೆ ಸೀಬೆಕಾಯಿಯಷ್ಟು. ಗಟ್ಟಿ. ಒಂದು ಕಡೆ ಅಂಚು ಸಿಗುತ್ತಿತ್ತು, ಇನ್ನೊಂದು ಕಡೆ ಒಳಗೆ ಇಳಿದು ಹೋಗುತ್ತಿತ್ತು. ಅವರು ಉಸಿರು ಎಳೆದುಕೊಂಡಾಗ ಬೆರಳಿನ ಕೆಳಗೆ ಜಾರಿ ಕೆಳಕ್ಕೆ ಬಂತು, ಬಿಟ್ಟಾಗ ಮೇಲಕ್ಕೆ ಹೋಯಿತು. ನೀವಿದೆ. ಕರಗಲಿಲ್ಲ. ಮತ್ತೆ ನೀವಿದೆ. ಹಾಗೇ ಇತ್ತು.

"ಯಾಕಯ್ಯ ನಿಲ್ಲಿಸಿದೆ?" ಎಂದರು. ಕಣ್ಣು ಮುಚ್ಚಿಕೊಂಡಿದ್ದರೂ ಅವರಿಗೆ ಗೊತ್ತಾಗಿತ್ತು.

ಕೈ ಎತ್ತಬೇಕಾದ ಗಳಿಗೆ ಅದು. ಎತ್ತಿ, ಚೀಟಿ ತಗೊಂಡು ನಾಳೆಯೇ ಮೈಸೂರಿಗೆ ಹೋಗಿ ಸಾ ಎಂದಿದ್ದರೆ ಆಗಿತ್ತು. ನಾನು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂಬುದನ್ನು ಇಷ್ಟು ವರ್ಷ ಬೇರೆ ಬೇರೆ ಥರ ಹೇಳಿಕೊಂಡು ನೋಡಿದ್ದೇನೆ. ಗೊತ್ತಾಗಲಿಲ್ಲ ಎಂದು ಹೇಳಿಕೊಂಡೆ, ಅದು ಸುಳ್ಳು. ಅವರ ಭಯ ನೋಡಲಾಗಲಿಲ್ಲ ಎಂದು ಹೇಳಿಕೊಂಡೆ, ಅದು ಅರ್ಧ ಸುಳ್ಳು. ನಿಜ ಇಷ್ಟೇ. ನನ್ನನ್ನು ಕ್ಲಾಸಿನ ಮುಂದೆ ನಗೆಪಾಟಲು ಮಾಡಿದ ಮೇಷ್ಟ್ರು ನನ್ನ ಜಗಲಿಯ ಮೇಲೆ, ನನ್ನ ಕೈಕೆಳಗೆ ಮಲಗಿದ್ದರು. ಊರಿನವರು ನೋಡುತ್ತಿದ್ದರು. ನನ್ನಿಂದ ವಾಸಿಯಾಯಿತು ಎಂದು ಅವರ ಬಾಯಿಂದಲೇ ಬರಬೇಕೆಂದು ನನಗೆ ಆಸೆಯಾಯಿತು.

"ಏನಿಲ್ಲ ಸಾ. ವಾಯು ಗಂಟಾಗದೆ. ಒಕ್ಳು ಎಡಕ್ಕೆ ಓಗದೆ. ಪೈಪು ಯಾಕೆ, ನಾಕು ವಾರ ಕೊಡಿ ನಂಗೆ."

ಅವರ ಮುಖ ಸಡಿಲವಾಯಿತು. ಅಂಥ ನಿರಾಳ ಮುಖವನ್ನು ನಾನು ಅವರಲ್ಲಿ ಎಂದೂ ನೋಡಿರಲಿಲ್ಲ...

ನಾಲ್ಕು ವಾರ ಎಂಟಾಯಿತು, ಹತ್ತಾಯಿತು. ನಡುವೆ ನೋವು ಕಡಿಮೆಯಾದದ್ದೂ ಉಂಟು. ಈಗ ಅನ್ನಿಸುತ್ತದೆ, ಬರೀ ಗಂಜಿ ಕುಡಿಯುತ್ತಿದ್ದರಲ್ಲ, ಅದಕ್ಕಿರಬೇಕು. ಭಾನುವಾರ ಬಂದರೆ ನನಗೆ ಒಳಗೊಳಗೇ ಕಳವಳ. ಬೆಳಿಗ್ಗೆಯೇ ಎದ್ದು ಅಂಗಳಕ್ಕೂ ಹಿತ್ತಲಿಗೂ ಓಡಾಡುತ್ತಿದ್ದೆ. ಅವರು ಬಾರದಿದ್ದರೆ ಸಾಕು ಎನ್ನಿಸುತ್ತಿತ್ತು, ಬಾರದೆ ಹೋದರೆ ಎಂಬ ಭಯವೂ ಆಗುತ್ತಿತ್ತು. ನನ್ನ ಮನೆಯವಳು, "ನಿಮ್ಗೇನ್ ಒಟ್ಟೆನೋವಾ? ಒಂದ್ಕಡೆ ಕೂರಬಾರ್ದಾ?" ಎಂದು ರೇಗುತ್ತಿದ್ದಳು. ಅವರನ್ನು ಮಲಗಿಸಿ ಕೈಯಿಟ್ಟರೆ ಗಂಟು ಇದ್ದಲ್ಲೇ ಇರುತ್ತಿತ್ತು, ಹೋದ ವಾರಕ್ಕಿಂತ ತುಸು ದಪ್ಪವಾಗಿ. ನಾನು ಅದನ್ನು ಬಳಸಿಕೊಂಡು ಸುತ್ತ ನೀವುತ್ತಿದ್ದೆ. ಹಾವಿನ ಹುತ್ತ ಬಿಟ್ಟು ಸುತ್ತ ಉಳುವವರ ಹಾಗೆ.

ಒಂದು ಬೆಳಿಗ್ಗೆ ಅವರ ಸೊಂಟ ಹಿಡಿದು ಅಲುಗಿಸಿದಾಗ ಒಳಗೆ ನೀರು ಕುಲುಕಿದ ಸದ್ದಾಯಿತು. ಅರ್ಧ ತುಂಬಿದ ಕೊಡ ಹೊತ್ತು ನಡೆದರೆ ಬರುವಂಥ ಸದ್ದು.

"ನೀರು ಕುಡ್ಕಂಡು ಬಂದ್ರಾ ಸಾ? ಬರಿಒಟ್ಟೇಲಿ ಬನ್ನಿ ಅಂದಿದ್ನಲ್ಲ."

"ನಿನ್ನೆ ಸಂಜೆಯಿಂದ ಒಂದು ಗುಟುಕೂ ಇಲ್ಲ ಕಣಯ್ಯ" ಎಂದರು. ಆಮೇಲೆ ತಲೆ ಎತ್ತಿ ತಮ್ಮ ಹೊಟ್ಟೆಯನ್ನೇ ನೋಡತೊಡಗಿದರು. ನಾನೂ ನೋಡಿದೆ. ಎಡಗಡೆ ಪಕ್ಕೆಲುಬಿನ ಅಡಿಯಿಂದ ಒಂದು ಉಬ್ಬು ಎದ್ದು, ಚರ್ಮದ ಕೆಳಗೆ ನಿಧಾನವಾಗಿ ಬಲಕ್ಕೆ ಸಾಗಿ, ಇಳಿದುಹೋಯಿತು. ಅದರ ಹಿಂದೆ ಇನ್ನೊಂದು. ಗಬ್ಬದ ಹಸುವಿನ ಹೊಟ್ಟೆಯಲ್ಲಿ ಕರು ಹೊರಳಿದ ಹಾಗೆ.

"ಮೂವತ್ತು ವರ್ಷದ ಮೇಲೆ ಇದನ್ನ ಬೋರ್ಡಿನ ಮೇಲೆ ಬರೆದೆ" ಎಂದರು ಮೇಷ್ಟ್ರು ಮೆಲ್ಲಗೆ. "ಈಗ ಕಣ್ಣಾರೆ ಕಾಣ್ತಾ ಇದೆ ನೋಡು. ಇದು ಹೊರಗೆ ಕಾಣಬಾರದು ಕಣಯ್ಯ."

"ಮೈ ಇಳ್ದದಲ್ಲ ಸಾ, ಚರ್ಮ ತೆಳ್ಳಗಾಗದೆ. ಅದ್ಕೆ" ಅಂದೆ. ಅವರು ನನ್ನ ಮುಖ ನೋಡಿ ತಲೆಯಾಡಿಸಿದರು. ನನ್ನನ್ನು ನಂಬಿದರು. ಅಷ್ಟು ಓದಿದವರು, ನನ್ನನ್ನು.

ಪುಷ್ಯ ಮಾಸ ಮುಗಿಯುವ ಹೊತ್ತಿಗೆ ಇನ್ನೊಂದು ಭಾನುವಾರ ಹೆಬ್ಬೆರಳನ್ನು ಹೊಕ್ಕುಳಿನ ಮೇಲಿಟ್ಟವನು ಬೆಚ್ಚಿದೆ. ಮೆತ್ತಗಿದ್ದ ಜಾಗ ಗಟ್ಟಿಯಾಗಿತ್ತು. ಸರಿಯಾಗಿ ನಡುವಿನಲ್ಲಿ, ಅವರೆಕಾಳಿನಷ್ಟು, ಗುಂಡಿ ಹೊಲಿದಿಟ್ಟ ಹಾಗೆ ಕೂತಿತ್ತು. ನೂಲು ಹಿಡಿದು ಅಳೆದೆ. ಎರಡೂ ಕಡೆ ಸಮ. ನಮ್ಮ ಕೆಲಸದಲ್ಲಿ ಹೊಕ್ಕುಳು ಕೂತಿತು ಎಂದರೆ ಮಿಡಿತ ನಡುವಿಗೆ ಬಂದು ಹೆಬ್ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ ಎಂದು ಹೇಳುವುದುಂಟು. ಹೀಗೆ ಕಾಳಿನಂತೆ ಸಿಕ್ಕಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಆದರೂ ಜಗಲಿಗೆಲ್ಲ ಕೇಳುವಂತೆ, "ಕೂತ್ಕತು ಸಾ! ಮುಟ್ಟಿ ನೋಡ್ಕಳಿ, ಎಂಗೆ ಗಟ್ಟಿ ಕೂತದೆ!" ಎಂದೆ.

ನಂಬಿದ್ದೆನೇ? ಆ ಕ್ಷಣಕ್ಕೆ ನಂಬಿದ್ದೆ ಅನ್ನಿಸುತ್ತದೆ. ನಂಬಲು ಅಷ್ಟು ಹಂಬಲಿಸುತ್ತಿದ್ದವನಿಗೆ ಬೇರೇನು ಕಂಡೀತು...

ಮೇಷ್ಟ್ರು ಮುಟ್ಟಿ ನೋಡಿಕೊಂಡರು. ಎರಡು ದಿನ ಬಿಟ್ಟು ಎಲೆಅಡಿಕೆ, ಬಾಳೆಹಣ್ಣು ಹಿಡಿದುಕೊಂಡು ಬಂದರು. ಮೂರು ಕಡೆ ಕೂತು ಸುಧಾರಿಸಿಕೊಂಡು ನಡೆದು ಬಂದಿದ್ದರಂತೆ. ಜಗಲಿಯ ಮೇಲಿದ್ದವರ ಎದುರಿಗೇ ಹೇಳಿದರು. "ನಾನು ಕ್ಲಾಸಿನಲ್ಲಿ ಇವನನ್ನ ಗೇಲಿ ಮಾಡಿದ್ದೆ. ಗೊತ್ತಿಲ್ಲದ್ದನ್ನ ನಗಬಾರದಿತ್ತು. ಪರೀಕ್ಷೆ ಮಾಡದೆ ಇಲ್ಲ ಅನ್ನೋದು ವಿಜ್ಞಾನ ಅಲ್ಲ. ತಪ್ಪಾಯ್ತು ಕಣಯ್ಯ." ತಟ್ಟೆಯನ್ನು ಎರಡೂ ಕೈಯಲ್ಲಿ ನೀಡಿದರು. ನಾನು ತೆಗೆದುಕೊಂಡೆ. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದ್ದೆನೋ ಅದು ನನಗೆ ಸಿಕ್ಕಿತ್ತು. ಹಣ್ಣನ್ನು ನನಗೆ ತಿನ್ನಲಾಗಲಿಲ್ಲ, ದನಕ್ಕೆ ಹಾಕಿದೆ.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಕುಡಿದ ನೀರೂ ನಿಲ್ಲದೆ ವಾಂತಿ ಶುರುವಾಯಿತು. ಹಿಂದಿನ ದಿನ ತಿಂದದ್ದು ಮರುದಿನ ಹಾಗೇ ಬರುತ್ತಿತ್ತಂತೆ. ಅವರ ಹೆಂಡತಿ, ನಾವು ಅಮ್ಮಾವ್ರು ಎನ್ನುವುದು, ಜೀಪು ಮಾಡಿಸಿ ನನ್ನನ್ನೂ ಕರೆದರು. "ನಿಮ್ಮ ಮೇಲೆ ಅವರಿಗೆ ನಂಬ್ಕೆ, ಜೊತೇಲಿ ಇರಿ" ಎಂದರು. ಮೈಸೂರಿನ ಆಸ್ಪತ್ರೆಯಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ನೋಡಿದರು. ಪೈಪೂ ಇಲ್ಲ, ಮಿಷನ್ನೂ ಇಲ್ಲ, ಮೊದಲು ಬರೀ ಕೈ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಒಳಗೆ ಸುಣ್ಣದ ಹಾಗೆ ಬೆಳ್ಳಗಿತ್ತು. ಎಡ ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಎರಡು ಬೆರಳು ಇಳಿಸಿದರು, ಅಲ್ಲಿ ಬೆರಳು ನಿಂತಿತು. ಎದೆಗುಳಿಯ ಕೆಳಗೆ ಕೈಯಿಟ್ಟರು, ನನ್ನ ಕೈ ನಿಂತಿದ್ದ ಜಾಗದಲ್ಲೇ ಅವರ ಕೈಯೂ ನಿಂತಿತು. ಹೊಕ್ಕುಳಿನ ಕಾಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಪಕ್ಕೆಯನ್ನು ತಟ್ಟಿ, ಮಗ್ಗುಲಿಗೆ ಹೊರಳಿಸಿ, ಮತ್ತೆ ತಟ್ಟಿ, ಒಳಗೆ ನೀರು ತುಂಬಿದೆಯೇ ಎಂದು ಕೇಳಿಸಿಕೊಂಡರು. ಅಷ್ಟು ಹೊತ್ತಿಗೆ ಅವರ ಮುಖ ಬದಲಾಗಿತ್ತು.

"ಈ ಮೇಲ್ಹೊಟ್ಟೆ ಗಂಟು ಎಷ್ಟು ದಿನದಿಂದ ಇದೆ?" ಎಂದು ಕೇಳಿದರು.

ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. "ಇವನನ್ನ ಕೇಳಿ. ವಾರ ವಾರ ನೋಡಿರೋದು ಇವನೇ. ಇವನ ಕೈಗೆ ಗೊತ್ತಿರುತ್ತೆ."

"ನನ್ಗೇನೂ ಸಿಕ್ಕಿರ್ಲಿಲ್ಲ ಮೇಡಂ" ಎಂದೆ. "ಒಟ್ಟೆ ಮೆತ್ತಗಿತ್ತು."

ಅಮ್ಮಾವ್ರು ಅಲ್ಲೇ ನಿಂತಿದ್ದರು. ಮೇಷ್ಟ್ರು ಒಂದು ಗಳಿಗೆ ನನ್ನನ್ನೇ ನೋಡಿದರು, ಆಮೇಲೆ ಮುಖವನ್ನು ಸೂರಿನ ಕಡೆ ತಿರುಗಿಸಿಕೊಂಡರು.

ಆಮೇಲೆ ಪೈಪೂ ಆಯಿತು. ಡಾಕ್ಟರಮ್ಮ ಹೊರಗೆ ಕರೆದು ಅಮ್ಮಾವ್ರಿಗೂ ನನಗೂ ಹೇಳಿದರು. ಹೊಟ್ಟೆಯ ಕ್ಯಾನ್ಸರು. ಕೊರಳಿಗೂ ಹೊಕ್ಕುಳಿಗೂ ಬಂದಿದೆ, ಅಂದರೆ ಒಳಗೆಲ್ಲ ಹರಡಿದೆ. ಕತ್ತರಿಸಿ ತೆಗೆಯುವ ಹಂತ ದಾಟಿದೆ. "ಕೆಲವರಲ್ಲಿ ಇದು ಕೊನೆವರೆಗೂ ಗೊತ್ತೇ ಆಗಲ್ಲಮ್ಮ, ನಿಮ್ಮ ತಪ್ಪಿಲ್ಲ" ಎಂದು ಅಮ್ಮಾವ್ರ ಭುಜ ಹಿಡಿದು ಸಮಾಧಾನ ಮಾಡಿದರು. ನನ್ನ ಮಾತಿನ ಮೇಲೆ ನಂಬಿಕೆಯಿಟ್ಟು ಹೇಳಿದ ಸಮಾಧಾನ ಅದು. ಹೊಕ್ಕುಳು ಕೂತಿತು ಎಂದು ಜಗಲಿಯಲ್ಲಿ ನಾನು ಸಾರಿದ್ದು ಏನನ್ನು ಎಂದು ನನಗೆ ಆಗ ತಿಳಿಯಿತು.

ಮನೆಗೆ ಕರೆತಂದ ಮೇಲೆ ಮೇಷ್ಟ್ರು ಒಂದೂವರೆ ತಿಂಗಳಿದ್ದರು. ನಾನು ಹೋಗಿದ್ದು ಒಂದೇ ಸಲ. ಅದೂ ಅವರೇ ಹೇಳಿ ಕಳಿಸಿದ್ದಕ್ಕೆ. ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಬಿಗಿದಿತ್ತು. ದನಿ ಹಳೆಯದೇ.

"ಹತ್ತಿರ ಬಾ. ಆ ಡಾಕ್ಟರಮ್ಮನ್ನ ಎಲ್ಲ ಕೇಳಿ ತಿಳ್ಕೊಂಡಿದ್ದೀನಿ. ಒಳ್ಳೇ ಹುಡುಗಿ, ಬೇಜಾರಿಲ್ಲದೆ ಹೇಳಿದ್ಲು. ಕೈ ಕೊಡು."

ನನ್ನ ಬೆರಳುಗಳನ್ನು ಹಿಡಿದು ತಮ್ಮ ಕೊರಳೆಲುಬಿನ ಮೇಲಿನ ಗುಳಿಗೆ ತಂದರು. ಎಡಗಡೆ. ಒಳಗೆ ಕಡಲೆಕಾಯಿ ಬೀಜದಂಥದ್ದು ಸಿಕ್ಕಿತು. ನೋವಿಲ್ಲದ್ದು, ಕಲ್ಲಿನಂತಿದ್ದದ್ದು. "ಹೊಟ್ಟೆ ಅಂತ ಬಂದವರ ಕೊರಳನ್ನ ಯಾರೂ ಮುಟ್ಟಲ್ಲ. ನೀನು ಮುಟ್ಟಬೇಕು. ಇಲ್ಲಿ ಇದು ಸಿಕ್ಕಿದ್ರೆ ತಡ ಆಗಿದೆ ಅಂತ ಅರ್ಥ. ಅದಕ್ಕೆ ಇದು ಬರೋಕೆ ಮುಂಚೆ ಕಳಿಸಬೇಕು. ಕಣ್ಣಿನ ರೆಪ್ಪೆ ನೋಡು. ಬೆಳ್ಳಗಿದ್ರೆ ಒಳಗೆಲ್ಲೋ ರಕ್ತ ಹೋಗ್ತಾ ಇದೆ. ಊಟ ಅರ್ಧಕ್ಕೆ ಸಾಕು ಅಂತಾರಾ ಕೇಳು. ಹೊಕ್ಕುಳಲ್ಲಿ ಗಂಟು ಇದ್ರೆ ನೀವಬೇಡ..." ಉಸಿರು ಸಾಲದೆ ನಿಲ್ಲಿಸಿದರು. "ಒಪ್ಪಿಸು ನೋಡೋಣ" ಎಂದರು.

ಐವತ್ತು ದಾಟಿದವನು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದೆ. ಕೊರಳು, ಕಣ್ಣು, ಊಟ, ಹೊಕ್ಕುಳು.

"ಒಂದು ಬಿಟ್ಟೆ" ಎಂದರು. ನನ್ನ ಕೈಯನ್ನು ಎದೆಗುಳಿಯ ಕೆಳಗೆ, ಬಲಕ್ಕೆ, ಅದೇ ಜಾಗದಲ್ಲಿ ಇಟ್ಟುಕೊಂಡರು. "ಇಲ್ಲಿ ಏನು ಸಿಗುತ್ತೆ?"

"ಈಗ... ಗಟ್ಟಿ ಸಿಕ್ತದೆ ಸಾ."

"ಈಗ?"

ಅಷ್ಟೇ ಕೇಳಿದರು. ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದಾಗ ಕಾಯುತ್ತಿದ್ದರಲ್ಲ, ಹಾಗೆ ಕಾದರು. ಅವರ ಕೈ ನನ್ನ ಕೈಯ ಮೇಲಿತ್ತು. ಅಮ್ಮಾವ್ರು ಬಾಗಿಲ ಹತ್ತಿರ ಗಂಜಿ ಹಿಡಿದು ನಿಂತಿದ್ದರು. ನಾನು ಮಾತಾಡಲಿಲ್ಲ.

"ಸರಿ" ಎಂದು ಕೈ ಬಿಟ್ಟರು. "ಜಗಲಿ ಮುಚ್ಚಬೇಡ. ಜನ ಡಾಕ್ಟ್ರ ಹತ್ರ ಹೋಗೋಕೆ ಮುಂಚೆ ನಿನ್ನ ಹತ್ರ ಬರ್ತಾರೆ. ನೀನು ಕಳಿಸಿದ್ರೆ ಹೋಗ್ತಾರೆ."

ಯುಗಾದಿ ಕಳೆದು ಎರಡು ವಾರಕ್ಕೆ ಅವರು ಹೋದರು. ನಾನು ಜಗಲಿ ಮುಚ್ಚಿದೆ. ಜನ ಅದನ್ನು ನನ್ನ ದೊಡ್ಡತನ ಎಂದುಕೊಂಡರು. ಮೇಷ್ಟ್ರು ಹೋದ ದುಃಖಕ್ಕೆ ಬಿಟ್ಟ ಎಂದರು. ದುಃಖಕ್ಕಲ್ಲ, ಹೆದರಿ ಬಿಟ್ಟೆ. ಅವರು ಕೊನೆಯ ಉಸಿರಿನಲ್ಲಿ ಹೇಳಿಕೊಟ್ಟ ಪಾಠವನ್ನು ಒಬ್ಬರ ಮೈಮೇಲೂ ಬಳಸಲಿಲ್ಲ. ನನ್ನ ಹತ್ತಿರ ಬರುತ್ತಿದ್ದವರು ಬೇರೆ ಊರಿನ ಜಗಲಿಗಳಿಗೆ ಹೋದರು. ಅಲ್ಲಿ ಅವರ ಕೊರಳನ್ನು ಯಾರು ಮುಟ್ಟಿ ನೋಡಿದರೋ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವನ ಕೊರಳನ್ನು ಯಾರು ನೋಡಿದ್ದಾರೋ...

ಹುಣಸೂರಿನಲ್ಲಿ ಇಳಿದಾಗ ಮಧ್ಯಾಹ್ನ. ಅಮ್ಮಾವ್ರು ಈಗ ಮಗಳ ಮನೆಯಲ್ಲಿದ್ದಾರೆ. ಮಗಳದು ಸ್ಕೂಲು ಮಕ್ಕಳ ಪುಸ್ತಕ, ಪೆನ್ನಿನ ಅಂಗಡಿ, ಹಿಂದೆ ಮನೆ. ಅಮ್ಮಾವ್ರಿಗೆ ಎಂಬತ್ತರ ಹತ್ತಿರ. ಹಜಾರದಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದ ಮೇಲೆ, "ಎಷ್ಟು ಮುದುಕ ಆಗ್ಬುಟ್ಟಿದ್ದೀಯಪ್ಪ!" ಎಂದು ನಕ್ಕು ಪಕ್ಕಕ್ಕೆ ಕೂರಿಸಿಕೊಂಡರು. ಮೊದಲೆಲ್ಲ ನೀವು ಎನ್ನುತ್ತಿದ್ದವರು ವಯಸ್ಸಿನ ಸಲಿಗೆಯಲ್ಲಿ ನೀನು ಎಂದರು. ಮಗಳು ಕಾಫಿ ತಂದಿಟ್ಟು ಅಂಗಡಿಗೆ ಹೋದಳು.

ನಾನು ಸುತ್ತಿ ಬಳಸಲಿಲ್ಲ. ಸುತ್ತಿ ಬಳಸಿದರೆ ಎದ್ದು ಬಂದುಬಿಡುತ್ತೇನೆಂದು ಗೊತ್ತಿತ್ತು.

"ಆಸ್ಪತ್ರೇಲಿ ನಾನು ಸುಳ್ಳು ಹೇಳ್ದೆ ಅಮ್ಮಾವ್ರೇ. ಮೇಷ್ಟ್ರ ಒಟ್ಟೇಲಿ ಗಂಟು ನನ್ ಕೈಗೆ ಸಿಕ್ಕಿತ್ತು. ಗೊತ್ತಿದ್ದೂ ಪೈಪು ಬೇಡ ಅಂದೆ."

ಅವರ ಕೈಯಲ್ಲಿದ್ದ ಅವರೆಕಾಯಿ ಅರ್ಧ ಸುಲಿದು ನಿಂತಿತು. "ಯಾವಾಗ ಸಿಕ್ಕಿತ್ತು?" ಎಂದರು.

"ಮೊದಲ್ನೇ ದಿನಾನೇ."

"ದೀಪಾವಳಿ ಆದ ವಾರ."

"ಹೌದಮ್ಮ."

ಅವರು ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟುತ್ತ ಲೆಕ್ಕ ಹಾಕಿದರು. ಕಾರ್ತೀಕ. ಮಾರ್ಗಶಿರ. ಪುಷ್ಯ. ಮಾಘ. ನಾಲ್ಕನೇ ಗೆಣ್ಣಿನಲ್ಲಿ ಹೆಬ್ಬೆರಳನ್ನು ಹಾಗೇ ಒತ್ತಿ ಹಿಡಿದುಕೊಂಡರು.

"ನಾಲ್ಕು ತಿಂಗಳು" ಎಂದರು. "ನಾಲ್ಕು ತಿಂಗಳಲ್ಲಿ ಏನಾದ್ರೂ ಆಗ್ತಿತ್ತಾ?"

"ನನ್ಗೆ ಗೊತ್ತಿಲ್ಲಮ್ಮ. ಆಗ್ತಿತ್ತೋ ಏನೋ."

"ಆಗ್ತಿತ್ತೋ ಏನೋ" ಎಂದು ನನ್ನ ಮಾತನ್ನೇ ಮೆಲ್ಲಗೆ ಅಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ಕೋಪ ಇದ್ದಿದ್ದರೆ ಚೆನ್ನಾಗಿತ್ತು. "ಕೊನೆವರೆಗೂ ಗೊತ್ತೇ ಆಗಲ್ಲ, ನಿಮ್ಮ ತಪ್ಪಿಲ್ಲ ಅಂತ ಆ ಡಾಕ್ಟರಮ್ಮ ಅಂದಿದ್ಲು. ಆ ಒಂದು ಮಾತು ಹಿಡ್ಕೊಂಡು ಇಷ್ಟು ವರ್ಷ ಕಳೆದೆ ಕಣಪ್ಪ. ಈಗ ನೀನು ಬಂದು ಅದನ್ನೂ ತಗೊಂಡ್ಬುಟ್ಟೆ. ಹೇಳಿ ನಿಂಗೆ ಹಗುರ ಆಯ್ತಾ?"

ನಾನು ತಲೆ ತಗ್ಗಿಸಿದೆ. ಹಗುರವಾಗಿರಲಿಲ್ಲ. ಆದರೂ ಹಾಗೆ ಹೇಳಿ ಅವರಿಂದ ಇನ್ನೊಂದು ಸಮಾಧಾನ ಕೀಳಲು ಬಾಯಿ ಬರಲಿಲ್ಲ.

ಅಂಗಡಿಯಿಂದ ಮಗಳ ದನಿ ಬಂತು. "ಏನಮ್ಮ, ಅಪ್ಪನ ಸುದ್ದಿಯಾ?"

ಅಮ್ಮಾವ್ರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹೂಂ ಕಣೇ. ನಿಮ್ಮಪ್ಪ ಕೊನೇಲಿ ಇವರಿಗೆ ಪಾಠ ಹೇಳಿಕೊಟ್ಟಿದ್ರಲ್ಲ, ಅದನ್ನ ನೆನೆಸ್ಕೊಂಡ್ರು" ಎಂದು ಗಟ್ಟಿಯಾಗಿ ಹೇಳಿದರು. ಅನಂತರ ನನಗೆ ಮಾತ್ರ ಕೇಳುವಂತೆ, "ಅವಳಿಗೆ ಹೇಳ್ಬೇಡ. ನನ್ನ ಹತ್ರಾನೇ ಇರ್ಲಿ. ನೀನಿನ್ನು ಹೊರಡಪ್ಪ" ಎಂದರು.

ಎದ್ದೆ. ಕಾಲು ಮುಟ್ಟಲು ಬಗ್ಗಿದೆ, ಅವರು ಕಾಲನ್ನು ಮಡಚಿಕೊಂಡರು.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಾಗಲಿಲ್ಲ. ಕಂಬಿ ಹಿಡಿದು ನಿಂತುಕೊಂಡೇ ಬಂದೆ. "ಕೂತ್ಕೊಳಿ ಯಜಮಾನ್ರೇ, ಬಿದ್ದೀರಿ" ಎಂದು ಕಂಡಕ್ಟರು ಎರಡು ಸಲ ಹೇಳಿದ. ಆ ದಿನದಿಂದ ಪಿರಿಯಾಪಟ್ಟಣಕ್ಕೆ ಹೋದಾಗಲೆಲ್ಲ ಕುಶಾಲನಗರದ ಬಸ್ಸು ನಿಲ್ಲುವ ಕಡೆ ಒಂದೆರಡು ಗಂಟೆ ನಿಲ್ಲುತ್ತೇನೆ, ಅಂಗಿಗೆ ಎಣ್ಣೆ ಕಲೆಯಿದ್ದ ಆ ಮನುಷ್ಯ ಮತ್ತೆ ಬರುತ್ತಾನೇನೋ ಎಂದು. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಇಲ್ಲಿಯವರೆಗೆ ಬಂದಿಲ್ಲ.